ಡ್ಯೂಟಿ ಹಿಂದಿನ ರಾತ್ರಿ ಎಲ್ಲಿ ಮಲಗ್ತೀಯ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹೆಚ್ಚುಕಮ್ಮಿ ಒಂದೇ ವಿಷಯ ಕೇಳಿವೆ, ಪೈಲಟ್‌ಗೆ ಬೇಸ್ (ಡ್ಯೂಟಿ ಶುರುವಾಗಿ ಮುಗಿಯೋ ಊರು) ಒಂದು ಕಡೆ, ಮನೆ ಇನ್ನೊಂದು ಕಡೆ ಆದ್ರೆ ಹೇಗೆ ಅಂತ, ನಾಲ್ಕೂ ನಮ್ಮ ಹಾಸನ-ಚಿಕ್ಕಮಗಳೂರು ಕಡೆಯವು. ನಾನು ಸಕಲೇಶಪುರದವನು, ವಿಮಾನ ಹಾರಿಸಿ ರಿಟೈರ್ ಆದವನು. ನಮ್ಮ ಕಾಲದಲ್ಲಿ ನಮ್ಮ ಊರಿಂದ ಪೈಲಟ್ ಆದೋರನ್ನ ಬೆರಳಲ್ಲಿ ಎಣಿಸಬಹುದಿತ್ತು, ಈಗ ಒಂದೇ ತಿಂಗಳಲ್ಲಿ ನಾಲ್ಕು ಮನೆಯಿಂದ ಪತ್ರ ಬಂದಿದೆ, ತುಂಬಾ ಖುಷಿ ಆಯ್ತು.

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ರ ಒಂದು ಹಳ್ಳಿ. ಕಾಫಿ ತೋಟ ಇದೆ, ಅಮ್ಮ ಇಲ್ಲ, ಅಪ್ಪ ಒಬ್ರೇ ನೋಡ್ಕೊಳ್ತಾರೆ. ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮುಗಿಸಿ ಮೂರು ವರ್ಷ ಕಾದ ಮೇಲೆ ಈಗ ಒಂದು ಏರ್‌ಲೈನ್‌ನಲ್ಲಿ ಏರ್‌ಬಸ್ ಎ320ಗೆ ಸೆಲೆಕ್ಟ್ ಆಗಿದೀನಿ. ಬೇಸ್ ಯಾವುದು ಬೇಕು ಅಂತ ಮೂರು ಊರು ಬರೆದು ಕೊಡ್ಬೇಕಂತೆ. ಬೆಂಗಳೂರು ಸಿಕ್ಕಿದ್ರೆ ಮನೆಯಿಂದಲೇ ಓಡಾಡೋಣ, ಬಾಡಿಗೆ ಉಳಿಯತ್ತೆ, ಟ್ರೈನಿಂಗ್ ಸಾಲ ಬೇಗ ತೀರತ್ತೆ, ಅಪ್ಪಂಗೂ ಜೊತೆ ಆಗತ್ತೆ ಅಂತ ನನ್ನ ಲೆಕ್ಕ. ಸರಿನಾ?

ಉತ್ತರ: ಮೊದಲು ಅಭಿನಂದನೆ ಕಣಮ್ಮಾ. ನನ್ನ ಮಗಳ ವಯಸ್ಸು ನಿಂದು, ಹಾಗಾಗಿ ನೀನು ಅಂತಲೇ ಮಾತಾಡ್ತೀನಿ, ಬೇಜಾರು ಮಾಡ್ಕೋಬೇಡ.

ಬೆಂಗಳೂರನ್ನ ಮೊದಲನೇ ಆಯ್ಕೆಯಾಗಿ ಬರಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮನೆಯಿಂದ ಡ್ಯೂಟಿಗೆ ಓಡಾಡೋ ಲೆಕ್ಕ ಬಿಟ್ಟುಬಿಡು. ಯಾಕೆ ಅಂತ ನನಗೇ ಆಗಿದ್ದು ಹೇಳ್ತೀನಿ.

ಆಗಿನ್ನೂ ಬೆಂಗಳೂರಿನ ವಿಮಾನಗಳೆಲ್ಲ ಎಚ್‌ಎಎಲ್ ಏರ್‌ಪೋರ್ಟಿಂದ ಹೊರಡ್ತಿದ್ವು, ದೇವನಹಳ್ಳಿ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ನಾನು ಹೊಸ ಕೋಪೈಲಟ್. ದೀಪಾವಳಿಗೆ ಎರಡು ದಿನ ರಜೆ ಸಿಕ್ಕಿತ್ತು, ಊರಿಗೆ ಬಂದೆ, ಅಮ್ಮ ಇನ್ನೊಂದು ಹೊತ್ತು ಊಟ ಮಾಡ್ಕೊಂಡು ಹೋಗೋ ಅಂದ್ರು, ನಾನೂ ಮನಸ್ಸು ತಡೀಲಾರದೆ ಉಳಿದೆ, ರಾತ್ರಿ ಊಟ ಮುಗಿಸಿ ಬಸ್ ಹತ್ತಿದೆ. ಬಸ್ಸಲ್ಲಿ ಮಲಗಬಹುದು ಅಂತ ಧೈರ್ಯ. ಆಗ ಆ ರಸ್ತೆ ಇಷ್ಟು ಅಗಲ ಇರಲಿಲ್ಲ, ಕುಣಿಗಲ್ ಬರೋವರೆಗೂ ಕಣ್ಣು ಹತ್ತಲಿಲ್ಲ, ಕಣ್ಣು ಹತ್ತೋ ಹೊತ್ತಿಗೆ ಮೆಜೆಸ್ಟಿಕ್. ಮುಖ ತೊಳ್ದು ಯೂನಿಫಾರ್ಮ್ ಹಾಕ್ಕೊಂಡು ಬೆಳಗಿನ ರಿಪೋರ್ಟಿಂಗ್‌ಗೆ ಹಾಜರ್. ಮೊದಲನೇ ಸೆಕ್ಟರ್ (ಒಂದು ಊರಿಂದ ಇನ್ನೊಂದು ಊರಿಗೆ ಹಾರಾಟ) ಏನೋ ಕಳೀತು. ಎರಡನೇದ್ರಲ್ಲಿ ಇಳಿಯೋಕೆ ಕಂಟ್ರೋಲರ್ ಒಂದು ಎತ್ತರ ಕೊಟ್ರು, ನಾನು ರೀಡ್‌ಬ್ಯಾಕ್ ಮಾಡುವಾಗ, ಅಂದ್ರೆ ಅದನ್ನೇ ತಿರುಗಿ ಹೇಳುವಾಗ, ಬೇರೆ ಎತ್ತರ ಹೇಳ್ದೆ. ಕಂಟ್ರೋಲರ್ ಮತ್ತೆ ಹೇಳಿದ್ರು, ನಾನು ಮತ್ತೆ ತಪ್ಪೇ ಹೇಳ್ದೆ. ಕ್ಯಾಪ್ಟನ್ ಸುಮ್ನೆ ಕೈ ಎತ್ತಿ ರೇಡಿಯೋ ತಾವು ತಗೊಂಡ್ರು. ಇಳಿದ ಮೇಲೆ ಬೈಲಿಲ್ಲ. ಪ್ಯಾಸೆಂಜರ್ ಎಲ್ಲ ಇಳಿಯೋವರೆಗೂ ಕಾದು ಒಂದೇ ಪ್ರಶ್ನೆ ಕೇಳಿದ್ರು, "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದೆ?" ನನ್ನ ಹತ್ರ ಉತ್ತರ ಇರಲಿಲ್ಲ. ಹಿಂದೆ ನೂರಕ್ಕೂ ಹೆಚ್ಚು ಜನ ಕೂತಿದ್ರು, ಅವರಲ್ಲಿ ಒಬ್ಬರಿಗೂ ನಾನು ರಾತ್ರಿಯೆಲ್ಲ ಬಸ್ಸಲ್ಲಿ ಎದ್ದು ಕೂತು ಬಂದವನು ಅಂತ ಗೊತ್ತಿರಲಿಲ್ಲ. ಇವತ್ತಿಗೂ ಅದು ನೆನಪಾದ್ರೆ ಹೊಟ್ಟೆ ಕಿವುಚತ್ತೆ.

ಅದಕ್ಕೇ ನಾನು ಬೇಸ್ ಬಗ್ಗೆ ಕೇಳಿದ ಪ್ರತಿಯೊಬ್ಬ ಹುಡುಗ ಹುಡುಗಿಗೂ ಅದೇ ಪ್ರಶ್ನೆ ತಿರುಗಿಸಿ ಕೇಳ್ತೀನಿ: ಡ್ಯೂಟಿ ಹಿಂದಿನ ರಾತ್ರಿ ಎಲ್ಲಿ ಮಲಗ್ತೀಯ? ಆ ಜಾಗದಿಂದ ಏರ್‌ಪೋರ್ಟಿಗೆ ಎಷ್ಟು ಹೊತ್ತು?

ಈಗ ನಿನ್ನ ಲೆಕ್ಕವನ್ನೇ ಹಾಕೋಣ. ನಿಮ್ಮ ಕಡೆಯಿಂದ ಬೇಲೂರು, ಹಾಸನ, ಅಲ್ಲಿಂದ ಎನ್‌ಎಚ್ 75ರಲ್ಲಿ ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್, ನೆಲಮಂಗಲ. ಊರೊಳಗೆ ಹೋಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ತಿರುಗಿದ್ರೂ 250 ಕಿಲೋಮೀಟರ್ ದಾಟತ್ತೆ. ಏನಿಲ್ಲ ಅಂದ್ರೂ ಐದೂವರೆ ಆರು ಗಂಟೆ, ಮಳೆ ಬಂದ್ರೆ ಇನ್ನೂ ಜಾಸ್ತಿ. ನಮ್ಮ ಡಿಜಿಸಿಎ (ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ನಿಯಮದ ಪ್ರಕಾರ ಎರಡು ಡ್ಯೂಟಿ ನಡುವೆ ಕಮ್ಮಿ ಅಂದ್ರೆ 12 ಗಂಟೆ, ಹಿಂದಿನ ಡ್ಯೂಟಿ ಅದಕ್ಕಿಂತ ಉದ್ದ ಇದ್ರೆ ಅಷ್ಟು ಹೊತ್ತು ರೆಸ್ಟ್ ಕೊಡ್ಬೇಕು. ಆ 12 ಗಂಟೆ ಹೋಗೋದು ಬರೋದ್ರಲ್ಲೇ ಮುಗಿದುಹೋಗತ್ತೆ, ಮಲಗೋದು ಯಾವಾಗ? ಅದೂ ಬೆಳಿಗ್ಗೆ ಆರು ಗಂಟೆ ಫ್ಲೈಟ್ ಅಂದ್ರೆ ಐದಕ್ಕೆ ರಿಪೋರ್ಟಿಂಗ್, ನೀನು ರಾತ್ರಿ ಹತ್ತೂವರೆಗೇ ತೋಟ ಬಿಡ್ಬೇಕು, ಬೇಲೂರು-ಬಿಕ್ಕೋಡು ಕಡೆ ರಾತ್ರಿ ಹೊತ್ತು ಆನೆ ರಸ್ತೆಗೆ ಇಳಿಯತ್ತೆ ಅಂತ ನಾನು ನಿಂಗೆ ಹೇಳಿಕೊಡೋದೇನೂ ಬೇಡ.

ಯೂರೋಪಿನ ನಿಯಮಗಳಲ್ಲಿ ಒಂದು ಸಲಹೆ ಇದೆ, ಮನೆಯಿಂದ ಬೇಸ್‌ಗೆ ಸಾಮಾನ್ಯವಾಗಿ 90 ನಿಮಿಷಕ್ಕಿಂತ ಜಾಸ್ತಿ ಆಗ್ತಿದ್ರೆ ಬೇಸ್ ಹತ್ರ ತಾತ್ಕಾಲಿಕವಾಗಿ ಉಳ್ಕೊಳ್ಳೋಕೆ ವ್ಯವಸ್ಥೆ ಮಾಡ್ಕೊಳ್ಳಿ ಅಂತ. ನನ್ನ ಅನುಭವದಲ್ಲಿ ಅದು ಸರಿಯಾದ ಅಳತೆ. ನಾನಾದ್ರೆ ಇನ್ನೂ ಬಿಗಿ ಮಾಡಿ ಒಂದು ಗಂಟೆ ಅಂತೀನಿ, ಹೆಬ್ಬಾಳದ ಟ್ರಾಫಿಕ್ ನೋಡಿದೋರು ಒಪ್ತಾರೆ.

ಅಮೆರಿಕದಲ್ಲಿ ಪೈಲಟ್‌ಗಳು ಒಂದು ಊರಲ್ಲಿ ಮನೆ ಇಟ್ಕೊಂಡು ಇನ್ನೊಂದು ಊರಿನ ಬೇಸ್‌ಗೆ ವಿಮಾನದಲ್ಲೇ ಓಡಾಡೋದು ಮಾಮೂಲು. ಅಲ್ಲಿ 2009ರ ಫೆಬ್ರವರಿ 12ರಂದು ಬಫಲೋ ಹತ್ರ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತರು. ಕೋಪೈಲಟ್ ಚಿಕ್ಕ ವಯಸ್ಸಿನ ಹುಡುಗಿ, ಸಂಬಳ ಕಮ್ಮಿ, ಮನೆ ಸಿಯಾಟಲ್ ಕಡೆ, ಬೇಸ್ ಇನ್ನೊಂದು ತುದಿಯ ನೆವಾರ್ಕ್. ಹಿಂದಿನ ರಾತ್ರಿಯೆಲ್ಲ ಸರಕು ವಿಮಾನದ ಜಂಪ್ ಸೀಟಲ್ಲಿ (ಸಿಬ್ಬಂದಿಗೆ ಇರೋ ಹೆಚ್ಚುವರಿ ಸೀಟು) ಮೆಂಫಿಸ್ ಮೇಲೆ ಬಂದು, ಕ್ರೂ ರೂಮಿನಲ್ಲೇ ಕಾಲ ಕಳೆದು ಸಂಜೆ ಡ್ಯೂಟಿಗೆ ಕೂತಿದ್ದಳು. ಕ್ಯಾಪ್ಟನ್ ಕೂಡ ಫ್ಲೋರಿಡಾದಿಂದ ಓಡಾಡ್ತಿದ್ದೋರು. ಅಪಘಾತಕ್ಕೆ ಮುಖ್ಯ ಕಾರಣ ವಿಮಾನ ಸ್ಟಾಲ್ ಆಗೋ (ರೆಕ್ಕೆ ಮೇಲೆತ್ತೋ ಶಕ್ತಿ ಕಳ್ಕೊಳ್ಳೋ) ಎಚ್ಚರಿಕೆ ಬಂದಾಗ ಕ್ಯಾಪ್ಟನ್ ಮಾಡಿದ ತಪ್ಪು, ಸುಸ್ತು ಎಷ್ಟರಮಟ್ಟಿಗೆ ಕಾರಣ ಅಂತ ತನಿಖೆಯವರು ಅಳೆದು ಹೇಳೋಕಾಗಲಿಲ್ಲ, ಆದ್ರೆ ಇಬ್ಬರೂ ದಣಿದಿದ್ದಿರಬಹುದು ಅಂತ ಬರೆದ್ರು. ನಿನ್ನ ಪತ್ರ ಓದುವಾಗ ನಂಗೆ ಆ ಹುಡುಗಿಯೇ ನೆನಪಾದಳು. ಬಾಡಿಗೆ ಉಳಿಸೋ ಲೆಕ್ಕ ಅವಳದ್ದೂ ಆಗಿರಬಹುದು.

ದುಡ್ಡಿನ ವಿಷಯಕ್ಕೆ ಬರ್ತೀನಿ, ಅದು ಸಣ್ಣ ವಿಷಯ ಅಲ್ಲ ಅಂತ ಗೊತ್ತು. ಮೊದಲ ಕೆಲವು ತಿಂಗಳು ಮನೆ ಮಾಡಲೇಬೇಡ. ಗ್ರೌಂಡ್ ಕ್ಲಾಸು, ಸಿಮ್ಯುಲೇಟರ್ ಎಲ್ಲಿ ಹಾಕ್ತಾರೋ ಅಲ್ಲಿಗೆ ಹೋಗ್ಬೇಕು, ಗುರುಗ್ರಾಮವೂ ಆಗಬಹುದು, ಆಮೇಲೆ ಲೈನ್ ಟ್ರೈನಿಂಗ್‌ನಲ್ಲಿ (ಪ್ಯಾಸೆಂಜರ್ ಇರೋ ಫ್ಲೈಟಲ್ಲೇ ಕಲಿಯೋದು) ಟ್ರೈನರ್ ಯಾವ ಊರಲ್ಲಿದ್ದಾರೋ ಆ ಊರಿಂದ ಹಾರಿಸಬೇಕಾಗಬಹುದು. ಆ ಹೊತ್ತಲ್ಲಿ ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದು ಬೀಗ ಹಾಕಿಡೋದು ಶುದ್ಧ ನಷ್ಟ. ಲೈನ್ ರಿಲೀಸ್ ಆಗಿ, ಅಂದ್ರೆ ಆ ಟ್ರೈನಿಂಗ್ ಮುಗಿದು, ಬೇಸ್ ಲೆಟರ್ ಕೈಗೆ ಬಂದ ಮೇಲೆ ನೋಡು. ಯಲಹಂಕ, ಜಕ್ಕೂರು, ಸಹಕಾರನಗರ, ಬಾಗಲೂರು ಈ ಸುತ್ತಲಲ್ಲಿ ಕ್ರೂ ಹುಡುಗಿಯರು ಮೂರ್ನಾಲ್ಕು ಜನ ಸೇರಿ ಫ್ಲಾಟ್ ಮಾಡ್ಕೊಂಡಿರ್ತಾರೆ. ಒಂದೇ ಒಂದು ಷರತ್ತು, ನಿನಗೆ ಅಂತ ಒಂದು ರೂಮು, ಬಾಗಿಲು, ಕಪ್ಪು ಪರದೆ ಇರಲಿ. ಒಬ್ಬಳು ಮಧ್ಯರಾತ್ರಿ ಬರ್ತಾಳೆ, ಇನ್ನೊಬ್ಬಳು ಮೂರಕ್ಕೆ ಅಲಾರಂ ಇಟ್ಟಿರ್ತಾಳೆ, ಒಂದೇ ರೂಮಲ್ಲಿ ಇಬ್ಬರಿದ್ರೆ ಇಬ್ಬರಿಗೂ ನಿದ್ದೆ ಇಲ್ಲ. ಮನೆ ಹಿಡಿಯೋ ಮುಂಚೆ ಕಂಪನಿ ಪಿಕಪ್ ಎಲ್ಲಿವರೆಗೆ ಬರತ್ತೆ ಅಂತ ಕೇಳ್ಕೋ. ಆ ಗೆರೆಯಿಂದ ಎರಡು ಕಿಲೋಮೀಟರ್ ಆಚೆ ಮನೆ ಮಾಡಿ ಆಮೇಲೆ ಬೆಳಗಿನ ಜಾವ ಕ್ಯಾಬಿಗೆ ಕಾಯ್ತಾ ನಿಂತೋರನ್ನ ನೋಡಿದೀನಿ.

ಬೆಂಗಳೂರು ಸಿಗದೇ ಇರಬಹುದು, ಅದಕ್ಕೂ ಮನಸ್ಸು ಮಾಡ್ಕೊಂಡಿರು. ಕಂಪನಿಗೆ ಎಲ್ಲಿ ಜನ ಬೇಕೋ ಅಲ್ಲಿ ಹಾಕ್ತಾರೆ, ಉಳಿದಿದ್ದು ಸೀನಿಯಾರಿಟಿ ಮೇಲೆ. ಎರಡನೇ ಆಯ್ಕೆ ಹೈದರಾಬಾದ್ ಬರಿ, ಮೂರನೇದು ಚೆನ್ನೈ. ಎರಡೂ ಕಡೆಯಿಂದ ಬೆಂಗಳೂರಿಗೆ ದಿನಕ್ಕೆ ಬೇಕಾದಷ್ಟು ಫ್ಲೈಟ್, ರಾತ್ರಿ ಟ್ರೈನೂ ಇದೆ. ಕೆಲಸಕ್ಕೆ ಸೇರಿದ ದಿನವೇ ಬೇಸ್ ಟ್ರಾನ್ಸ್‌ಫರ್ ಅರ್ಜಿಗೆ ಏನು ನಿಯಮ ಅಂತ ಓದ್ಕೋ, ಅರ್ಹತೆ ಬಂದ ಮೊದಲ ದಿನವೇ ಹಾಕು, ಕ್ಯೂನಲ್ಲಿ ಒಂದು ದಿನ ಹಿಂದೆ ಬಿದ್ರೂ ವರ್ಷಗಟ್ಟಲೆ ಕಾಯೋ ಹಾಗಾಗಬಹುದು.

ಅಪ್ಪನ ವಿಷಯ. ಅವರನ್ನ ಬಿಟ್ಟು ಹೋಗ್ತಿದೀನಿ ಅನ್ನೋ ಭಾವನೆ ಬೇಡ. 2025ರ ಜುಲೈ 1ರಿಂದ ವಾರದ ರೆಸ್ಟ್ 36 ಗಂಟೆಯಿಂದ 48 ಗಂಟೆಗೆ ಏರಿದೆ, ಅದರಲ್ಲಿ ಎರಡು ರಾತ್ರಿ ಸೇರಿರಬೇಕು. ಇದು ನಮ್ಮಂಥ ದೂರದ ಊರಿನೋರಿಗೆ ದೊಡ್ಡ ಉಪಕಾರ. ಆದ್ರೆ ಎರಡೂ ರಾತ್ರಿ ತೋಟದಲ್ಲಿ ಕಳೆಯೋ ಹಾಗಿಲ್ಲ, ಒಂದು ರಾತ್ರಿ ಅಪ್ಪನ ಜೊತೆ, ಎರಡನೇ ರಾತ್ರಿ ಬೆಂಗಳೂರಿನ ರೂಮಲ್ಲಿ. ರಜೆಗೆ ಆಫ್ ಸೇರಿ ಮೂರ್ನಾಲ್ಕು ದಿನ ಆದಾಗ ನಿಧಾನವಾಗಿ ಇದ್ದು ಬಾ. ಕೊಯ್ಲಿನ ಸಮಯಕ್ಕೆ ರಜೆ ಬೇಕು ಅಂದ್ರೆ ಈಗಿಂದಲೇ ಯೋಚನೆ ಮಾಡು, ಅರೇಬಿಕಾ ಹಣ್ಣಾಗೋ ಡಿಸೆಂಬರ್‌ನಲ್ಲೇ ಏರ್‌ಲೈನಿಗೂ ಸೀಸನ್, ಹೊಸಬರಿಗೆ ರಜೆ ಸಿಗೋದು ಕಷ್ಟ. ರೋಬಸ್ಟಾ ಕೊಯ್ಲಿಗೆ, ಫೆಬ್ರವರಿ ಕಡೆ ಕೇಳು, ಸಿಗೋ ಸಾಧ್ಯತೆ ಹೆಚ್ಚು. ಊರಲ್ಲಿ ಮದುವೆ ಮನೆ, ಮನೆ ವೈನು ಇವೆಲ್ಲ ಇರತ್ತೆ, ಹಾರೋಕೆ 12 ಗಂಟೆ ಮುಂಚಿಂದ ಮದ್ಯ ಮುಟ್ಟೋ ಹಾಗಿಲ್ಲ, ಬ್ರೆಥಲೈಸರ್‌ನಲ್ಲಿ ಸೊನ್ನೆ ಬರಲೇಬೇಕು, ಮೊದಲ ಸಲ ಸಿಕ್ಕಿಬಿದ್ರೇ ಲೈಸೆನ್ಸ್ ಮೂರು ತಿಂಗಳು ಸಸ್ಪೆಂಡ್. ಕೆಮ್ಮಿನ ಸಿರಪ್ಪು, ಮೌತ್‌ವಾಶ್ ಕೂಡ ಲೇಬಲ್ ಓದಿ ತಗೋ.

ಪ್ರಶ್ನೆ: ನಾನು ಹಾಸನದವನು, ಕೋಪೈಲಟ್ ಆಗಿ ಆರು ತಿಂಗಳು. ಮುಂಬೈ ಬೇಸ್ ಸಿಕ್ಕಿದೆ. ಹೆಂಡತಿ ಹಾಸನದಲ್ಲೇ ಟೀಚರ್. ಸ್ಟಾಫ್ ಟಿಕೆಟ್‌ನಲ್ಲಿ ಮಂಗಳೂರು ಮೇಲೆ ಓಡಾಡಬೇಕೋ, ಬೆಂಗಳೂರು ಮೇಲೋ? ಹಾಸನದಿಂದ ಎರಡೂ ಹೆಚ್ಚುಕಮ್ಮಿ ಒಂದೇ ದೂರ.

ಉತ್ತರ: ದೂರ ಒಂದೇ ಇರಬಹುದಪ್ಪ, ದಾರಿ ಒಂದೇ ಅಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟಿಯನ್ನ ನಂಬಿ ಡ್ಯೂಟಿಗೆ ಹೊರಡಬೇಡಿ. ದೋಣಿಗಾಲ್ ಹತ್ರ ಗುಡ್ಡ ಜರಿದ್ರೆ ಅವತ್ತಿಗೆ ರಸ್ತೆ ಬಂದ್, ಚಾರ್ಮಾಡಿ ಕಡೆ ಸುತ್ತಿ ಹೋಗೋಣ ಅಂದ್ರೆ ಅಲ್ಲೂ ಅದೇ ಪಾಡು. ಮಂಗಳೂರು ಏರ್‌ಪೋರ್ಟಿನದು ಬಜಪೆ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ (ತುದಿ ದಾಟಿದ್ರೆ ಇಳಿಜಾರು), ಜುಲೈ ತಿಂಗಳ ಮೋಡ ಕೆಳಗಿಳಿದ್ರೆ ವಿಮಾನ ಬೇರೆ ಊರಿಗೆ ತಿರುಗತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬೆಂಗಳೂರೇ ಸರಿ, ಬೇಸಿಗೆಯಲ್ಲಿ ಬೇಕಾದ್ರೆ ಮಂಗಳೂರು.

ಸ್ಟಾಫ್ ಟಿಕೆಟ್ ಅಂದ್ರೆ ಸೀಟು ಖಾಲಿ ಇದ್ರೆ ಮಾತ್ರ ಅಂತ ನಿಮಗೂ ಗೊತ್ತು. ದುಡ್ಡು ಕೊಟ್ಟ ಪ್ಯಾಸೆಂಜರ್ ಎಲ್ಲ ಹತ್ತಿದ ಮೇಲೆ ನಮ್ಮ ಹೆಸರು ಬರತ್ತೆ. ದಸರಾ, ದೀಪಾವಳಿ, ಶುಕ್ರವಾರ ಭಾನುವಾರದ ಸಂಜೆ ಆಸೆ ಇಟ್ಕೋಬೇಡಿ. ನಾನು ಪಾಲಿಸ್ತಿದ್ದ ನಿಯಮ ಇದು: ನಾನು ಹತ್ತಬೇಕು ಅಂದ್ಕೊಂಡ ಫ್ಲೈಟ್ ತಪ್ಪಿದ ಮೇಲೂ ಇನ್ನೆರಡು ಫ್ಲೈಟ್ ಇರಬೇಕು, ಆ ಎರಡರಲ್ಲಿ ಕೊನೇದು ಹಿಡಿದ್ರೂ ಬೇಸ್‌ನಲ್ಲಿ ಎಂಟು ಗಂಟೆ ನಿದ್ದೆ ಆಗ್ಬೇಕು. ಅಷ್ಟು ಹೊಂದಲಿಲ್ಲ ಅಂದ್ರೆ ಟಿಕೆಟ್ ದುಡ್ಡು ಕೊಟ್ಟು ಕೊಳ್ಳಿ. ವರ್ಷಕ್ಕೆ ನಾಲ್ಕೈದು ಸಲ ಹಾಗೆ ಕೊಳ್ಳಬೇಕಾಗತ್ತೆ, ಅದನ್ನ ಬಾಡಿಗೆ ಥರ ಖರ್ಚಿನ ಲೆಕ್ಕದಲ್ಲೇ ಮೊದಲು ಬರೆದಿಟ್ಕೊಳ್ಳಿ. ಸ್ಟ್ಯಾಂಡ್‌ಬೈ (ಕರೆದ್ರೆ ಡ್ಯೂಟಿಗೆ ಹೊರಡೋಕೆ ಸಿದ್ಧ) ಇರೋ ದಿನ ಹಾಸನದಲ್ಲಿ ಕೂತು ಕರೆಯಲ್ಲ ಬಿಡು ಅಂದ್ಕೊಳ್ಳೋದು ಮಾತ್ರ ಯಾವತ್ತೂ ಮಾಡ್ಬೇಡಿ. ಕರೆದೇ ಕರೀತಾರೆ.

ಇನ್ನೊಂದು, ಮುಂಬೈಲಿ ಮನೆ ನೋಡೋ ಮುಂಚೆ ನಿಮ್ಮ ಫ್ಲೈಟುಗಳು ಹೆಚ್ಚು ಎಲ್ಲಿಂದ ಅಂತ ವಿಚಾರಿಸಿ. ನವಿ ಮುಂಬೈ ಏರ್‌ಪೋರ್ಟ್ 2025ರ ಡಿಸೆಂಬರ್‌ನಲ್ಲಿ ಶುರುವಾಗಿದೆ, ಅಂಧೇರಿ ಮರೋಲ್ ಕಡೆ ಮನೆ ಮಾಡಿ ಆಮೇಲೆ ಬೆಳಗಿನ ಡ್ಯೂಟಿ ಎಲ್ಲ ಅಲ್ಲಿಂದ ಬಿದ್ರೆ ಕಷ್ಟ.

ಹೆಂಡತಿ ಕೆಲಸ ಬಿಡಿಸೋ ಯೋಚನೆ ಇದ್ರೆ ಒಂದು ವರ್ಷ ತಡೀರಿ ಅಂತ ನನ್ನ ಅಭಿಪ್ರಾಯ. ಅಷ್ಟರಲ್ಲಿ ಟ್ರಾನ್ಸ್‌ಫರ್ ಕ್ಯೂ ಎಷ್ಟು ಉದ್ದ ಇದೆ ಅಂತ ಗೊತ್ತಾಗತ್ತೆ.

ಪ್ರಶ್ನೆ: ತರೀಕೆರೆಯಿಂದ. ಶಿವಮೊಗ್ಗ ಏರ್‌ಪೋರ್ಟ್ ಪಕ್ಕದಲ್ಲೇ ಇದೆಯಲ್ಲ, ಬೆಂಗಳೂರು ಬೇಸ್ ಪೈಲಟ್‌ಗೆ ಅದು ಸಾಕಲ್ವಾ? ಹಾಸನದ ಏರ್‌ಪೋರ್ಟ್ ಆದ್ರೆ?

ಉತ್ತರ: ಆಫ್‌ಗೆ ಊರಿಗೆ ಬರೋಕೆ ಒಳ್ಳೇದು, ಡ್ಯೂಟಿಗೆ ಹೋಗೋಕೆ ಸಾಲದು. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟಿಂದ 2023ರ ಆಗಸ್ಟ್ 31ಕ್ಕೆ ಬೆಂಗಳೂರಿನ ಮೊದಲ ವಿಮಾನ ಶುರುವಾಯ್ತು, ಅದು 78 ಸೀಟಿನ ಎಟಿಆರ್. ಸಣ್ಣ ವಿಮಾನ, ಬೇಗ ತುಂಬತ್ತೆ, ದಿನಕ್ಕೆ ಬೆರಳೆಣಿಕೆ ಫ್ಲೈಟು, ಒಂದು ಕ್ಯಾನ್ಸಲ್ ಆದ್ರೆ ಹಿಂದೆ ಇನ್ನೊಂದು ಇಲ್ಲ. ಮೇಲೆ ಹೇಳಿದ ಎರಡು ಫ್ಲೈಟಿನ ನಿಯಮಕ್ಕೆ ಇದು ಹೊಂದಲ್ಲ. ಹಾಸನದ ಬೂವನಹಳ್ಳಿ ಏರ್‌ಪೋರ್ಟಿನದು ನಾನು ಹಾರಿಸ್ತಿದ್ದ ಕಾಲದಿಂದ ಕೇಳ್ತಿರೋ ಮಾತು. ಮೊದಲ ವಿಮಾನ ಇಳಿಯೋ ದಿನ ನಾನೂ ಅಲ್ಲಿ ನಿಂತು ನೋಡ್ಬೇಕು ಅಂತ ಆಸೆ ಇದೆ, ಆದ್ರೆ ಅದನ್ನ ನಂಬಿ ಯಾರೂ ಬೇಸ್ ಆರಿಸಬೇಡಿ.

ಪ್ರಶ್ನೆ: ನಾನು ಅರಸೀಕೆರೆಯ ಗೃಹಿಣಿ. ಮಗ ಹೊಸದಾಗಿ ಪೈಲಟ್ ಆಗಿದಾನೆ, ದೆಹಲಿ ಬೇಸ್. ರಾತ್ರಿ ಎಲ್ಲ ಹಾರಿಸ್ತಾನೆ, ಹಗಲು ಫೋನ್ ಮಾಡಿದ್ರೆ ನಿದ್ದೆಗಣ್ಣಲ್ಲಿ ಮಾತಾಡ್ತಾನೆ. ಮಂಗಳೂರಿನ ಅಪಘಾತ ನೆನೆಸಿಕೊಂಡು ನಂಗೆ ನಿದ್ದೆ ಬರಲ್ಲ. ಅಲ್ಲಿಗೆ ಹೋಗಿ ಅವನ ಜೊತೆ ಇದ್ದುಬಿಡ್ಲಾ?

ಉತ್ತರ: ತಾಯಿ, ನಿಮ್ಮ ಭಯ ಸುಳ್ಳಲ್ಲ, ಹಾಗಾಗಿ ಸುಮ್ನೆ ಸಮಾಧಾನ ಹೇಳಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜಪೆಯಲ್ಲಿ ರನ್‌ವೇ ದಾಟಿ ಕೆಳಗೆ ಬಿತ್ತು, 158 ಜನ ಹೋದ್ರು, ಉಳಿದೋರು ಎಂಟೇ ಜನ. ನಮ್ಮ ಕಡೆ ಎಷ್ಟೋ ಮನೆಗೆ ಕರಾವಳಿಯ ನೆಂಟಸ್ತಿಕೆ ಇದೆ, ಆ ದಿನ ಯಾರೂ ಮರೆತಿಲ್ಲ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ರು, ಎದ್ದ ಮೇಲೂ ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ, ತಪ್ಪಾಗಿ ಬರ್ತಿದ್ದ ಲ್ಯಾಂಡಿಂಗನ್ನ ಬಿಟ್ಟು ಮೇಲೇರದೆ ಮುಂದುವರಿಸಿದ್ರು ಅಂತ ತನಿಖಾ ವರದಿ ಹೇಳತ್ತೆ. ಬೆಳಗಿನ ಜಾವ ಎರಡರಿಂದ ಆರರವರೆಗೆ ಮನುಷ್ಯನ ಮೈ ಮಲಗು ಅಂತ ಎಳೆಯೋ ಹೊತ್ತು, ಎಷ್ಟು ಅನುಭವ ಇದ್ರೂ ಅದು ತಪ್ಪಲ್ಲ. ಅದಕ್ಕೇ ಈಗ ರಾತ್ರಿ ಡ್ಯೂಟಿಯ ನಿಯಮ ಬಿಗಿ ಮಾಡಿದಾರೆ, ಮಧ್ಯರಾತ್ರಿಯಿಂದ ಬೆಳಿಗ್ಗೆ ಐದರವರೆಗೆ ಅಂತ ಇದ್ದ ರಾತ್ರಿ ಲೆಕ್ಕವನ್ನ ಆರರವರೆಗೆ ಹಿಗ್ಗಿಸಿದಾರೆ.

ಅಂದ್ರೆ ನಿಮ್ಮ ಮಗ ಹಗಲು ಮಲಗಿರೋದು ಸೋಮಾರಿತನ ಅಲ್ಲ, ಕಾಯಿಲೆಯೂ ಅಲ್ಲ, ಅದೂ ಅವನ ಕೆಲಸವೇ. ನಿದ್ದೆಗಣ್ಣಲ್ಲಿ ನಿಮ್ಮ ಫೋನ್ ಎತ್ತಿದಾನೆ ಅಂದ್ರೆ ಅಮ್ಮನ ಕರೆ ತಪ್ಪಿಸಬಾರದು ಅಂತ ಎತ್ತಿದಾನೆ, ಆದ್ರೆ ಅವತ್ತಿನ ನಿದ್ದೆ ಅಲ್ಲಿಗೆ ಕಟ್ಟಾಯ್ತು. ಅವನ ರೋಸ್ಟರ್ (ಡ್ಯೂಟಿ ಪಟ್ಟಿ) ವಾಟ್ಸಾಪಲ್ಲಿ ತರಿಸ್ಕೊಳ್ಳಿ, ಕ್ಯಾಲೆಂಡರಲ್ಲಿ ಗುರುತು ಮಾಡಿ ಅಡುಗೆಮನೆಯಲ್ಲಿ ತೂಗುಹಾಕಿ. ರಾತ್ರಿ ಡ್ಯೂಟಿ ಮುಗಿಸಿದ ದಿನ ಮಧ್ಯಾಹ್ನ ಮೂರು ಗಂಟೆವರೆಗೂ ನೀವಾಗಲಿ, ಅವರ ಅಪ್ಪ ಆಗಲಿ, ಅಜ್ಜಿ ಆಗಲಿ ಫೋನ್ ಮಾಡೋದು ಬೇಡ. ಅವನೇ ಎದ್ದು ಮಾಡ್ತಾನೆ.

ಜೊತೆಗಿರೋ ವಿಷಯ. ಒಂದು ತಿಂಗಳು ಹೋಗಿ ಇದ್ದು ಬನ್ನಿ, ಡಿಸೆಂಬರ್ ಜನವರಿಯಲ್ಲಿ ಹೋದ್ರೆ ಒಳ್ಳೇದು. ದೆಹಲಿ ಮಂಜಿಗೆ ಫ್ಲೈಟೆಲ್ಲ ಲೇಟಾಗಿ ಹುಡುಗರು ಹೊತ್ತಲ್ಲದ ಹೊತ್ತಿಗೆ ಬರ್ತಾರೆ, ಬಿಸಿ ಊಟ ಸಿಕ್ಕಲ್ಲ. ರಾಗಿ ಹಿಟ್ಟು, ಹುರುಳಿ, ಸಾರಿನ ಪುಡಿ ತಗೊಂಡು ಹೋಗಿ. ಅವನ ರೂಮಿನ ಕಿಟಕಿಗೆ ದಪ್ಪ ಪರದೆ ಇದೆಯಾ ನೋಡಿ, ಇಲ್ಲದಿದ್ರೆ ಮೊದಲ ದಿನವೇ ಹಾಕಿಸಿ. ಕಾಲಿಂಗ್ ಬೆಲ್ ಸ್ವಿಚ್ ಆಫ್ ಮಾಡಿಡಿ, ಹಾಲಿನವನಿಗೆ, ಕೆಲಸದವಳಿಗೆ ಬಾಗಿಲು ತಟ್ಟಬೇಡಿ ಅಂತ ಹೇಳಿ. ಬೆಳಿಗ್ಗೆ ಏಳಕ್ಕೆ ಮಗ ಬಂದು ಮಲಗಿದ ಮೇಲೆ ಮಿಕ್ಸಿ ಹಾಕಬೇಡಿ, ಚಟ್ನಿ ಹಿಂದಿನ ಸಂಜೆಯೇ ರುಬ್ಬಿಡಿ.